ಹಳೇ ಕಾಲು ಕೊಟ್ಟವರು

ಫೆಬ್ರವರಿ 9

ಮಗಳೇ,

ಫೋನು ಮಾಡಬೇಡ, ಎತ್ತುವುದಿಲ್ಲ. ಫೋನಿನಲ್ಲಿ ನೀನು ಮೊದಲು ಊಟ ಆಯಿತಾ ಅಂತ ಕೇಳುತ್ತೀಯ, ಆಮೇಲೆ ಮಂಡಿನೋವು ಹೇಗಿದೆ ಅನ್ನುತ್ತೀಯ, ಅಷ್ಟರಲ್ಲಿ ನನ್ನ ಸಿಟ್ಟು ಇಳಿದುಹೋಗಿರುತ್ತದೆ. ಈ ಸಲ ಇಳಿಯಬಾರದು. ಅದಕ್ಕೇ ಕಾಗದ.

ಕೇಳಬೇಕಾದದ್ದು ಒಂದೇ. ಪೈಪಕ್ಕನ ಹಳೇ ಕಾಲು ಎಲ್ಲಿದೆ?

ಅವಳನ್ನು ನೀನು ಮರೆತಿರಬಹುದು. ಬಸ್ ಡಿಪೋದಲ್ಲಿ ಬಸ್ಸು ತೊಳೆಯುವವಳು. ಹೆಗಲ ಮೇಲೆ ಯಾವಾಗಲೂ ನೀರಿನ ಪೈಪು ಇರುತ್ತದೆ ಅಂತ ಡಿಪೋದವರು ಇಟ್ಟ ಹೆಸರು. ಆರು ವರ್ಷದ ಹಿಂದೆ, ಹಿಂದಕ್ಕೆ ಬರುತ್ತಿದ್ದ ಬಸ್ಸಿಗೆ ಸಿಕ್ಕಿ ಎಡಗಾಲು ಮಂಡಿಯ ಕೆಳಗೆ ಹೋಯಿತು. ಕೃತಕ ಕಾಲು ಮಾಡುವ ಮೊದಲು ನಾನು ಎರಡು ದಿನ ಡಿಪೋದಲ್ಲಿ ಕೂತು ಅವಳು ನಿಲ್ಲುವ ನೆಲ ನೋಡಿದೆ. ಸೋಪುನೀರು, ಎಣ್ಣೆ, ಒಂದು ಕಡೆಗೆ ಇಳಿಜಾರು. ಅಂಗಡಿಯಲ್ಲಿ ಸಿಗುವ ರಬ್ಬರ್ ಪಾದ ಅಲ್ಲಿ ಜಾರುತ್ತದೆ. ಅಲ್ಲೇ ಬಿದ್ದಿದ್ದ ಬಸ್ ಟೈರು ಕತ್ತರಿಸಿ, ಅದರ ಗೀರುಗಳು ಹಾಗೇ ಉಳಿಯುವಂತೆ ಪಾದದ ತಳಕ್ಕೆ ಅಂಟಿಸಿ ಮೊಳೆ ಹೊಡೆದೆ. ನೋಡಲು ಚೆಂದ ಇರಲಿಲ್ಲ. ಆರು ವರ್ಷದಲ್ಲಿ ಅವಳು ಒಂದು ಸಲವೂ ಬೀಳಲಿಲ್ಲ.

ಡಿಸೆಂಬರಿನಲ್ಲಿ ನಿಮ್ಮ ಸಂಸ್ಥೆಯವರು ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿ ಹೊಸ ಕಾಲು ಹಂಚಿದಿರಲ್ಲ, ಅಲ್ಲಿಗೆ ಅವಳೂ ಹೋದಳು. ಹೋಗದೆ ಏನು ಮಾಡುತ್ತಾಳೆ? ಅಕ್ಟೋಬರಿನಲ್ಲೇ ಆಸ್ಪತ್ರೆಯವರು ನನ್ನ ಶೆಡ್ಡನ್ನು ನಿಮಗೆ ಬರೆದುಕೊಟ್ಟು, ಇಪ್ಪತ್ತಾರು ವರ್ಷ ಅಲ್ಲಿ ಕಾಲು ಮಾಡಿದವಳ ಕೈಗೊಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದ್ದರು. ಇನ್ನು ಪಟ್ಟಿ ಕಿತ್ತರೆ ಹೊಲಿದುಕೊಡುವವರೂ ಇಲ್ಲ ಅಂತ ಅವಳು ಹೆದರಿದಳು. ಹೊಸದು ಬೇಕಾದರೆ ಹಳೇದು ಒಪ್ಪಿಸಬೇಕು ಅಂದರಂತೆ. ಒಪ್ಪಿಸಿದಳು. ಮೇಜಿನ ಹಿಂದೆ ಹಳೇ ಕಾಲುಗಳನ್ನು ಸೌದೆಯ ಹಾಗೆ ಒಟ್ಟಿದ್ದರಂತೆ.

ನಿನ್ನೆ ಮನೆಗೆ ಬಂದು ಕಟ್ಟು ಬಿಚ್ಚಿ ತೋರಿಸಿದಳು. ಎರಡೇ ತಿಂಗಳಲ್ಲಿ, ಮೂಳೆಯ ತುದಿಯಲ್ಲಿ ಎರಡು ಬೆರಳು ಇಡುವಷ್ಟು ಹುಣ್ಣು. "ನನಗೆ ನನ್ನ ಆ ಕುರೂಪಿ ಕಾಲೇ ಬೇಕು ಕಾಲಿನಮ್ಮ. ಇದು ಬರೀ ಫೋಟೋಕ್ಕೆ ಸರಿ" ಅಂದಳು.

ಕಳಿಸು. ಬೇರೆ ಏನೂ ಬರೆಯಬೇಕಾಗಿಲ್ಲ.

ಅಮ್ಮ

*

ಫೆಬ್ರವರಿ 21

ಅಮ್ಮ,

ಸಂಸ್ಥೆಯ ಮುದ್ರೆ ಇರುವ ಹಾಳೆಯಲ್ಲಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ, ಮೇಜಿನ ಮೇಲೆ ಬೇರೆ ಇರಲಿಲ್ಲ.

ಹಳೆಯ ಕಾಲುಗಳನ್ನು ನಾವು ಬಿಸಾಡಿಲ್ಲ. ಅವು ಹಡಗಿನಲ್ಲಿ ಹೊರದೇಶಕ್ಕೆ ಹೋಗಿವೆ. ನಮಗೆ ನೆರವು ಕೊಡುವ ದೇಶದವರು ತಮ್ಮ ನೆರವಿನ ಇಲಾಖೆಗೆ ಹೊಸ ಕಟ್ಟಡ ಕಟ್ಟಿದ್ದಾರೆ. ಅದರ ಮುಂಗೋಣೆಯ ಗೋಡೆಗೆ ಅವುಗಳನ್ನು ಜೋಡಿಸುತ್ತಾರೆ, ಒಟ್ಟು ಇನ್ನೂರ ಹನ್ನೆರಡು. ನಮ್ಮ ಜನ ಯಾವುದರ ಮೇಲೆ ನಡೆದು ಬಂದರು ಎಂದು ಅಲ್ಲಿಯವರು ನೋಡಲಿ ಎಂಬುದು ಉದ್ದೇಶ. ಅದರಲ್ಲಿ ಅಗೌರವ ಇಲ್ಲ.

ನಮ್ಮದು ದಾನದ ಸಂಸ್ಥೆ ಅಲ್ಲ ಎಂದು ನಿನಗೆ ಹಿಂದೆಯೂ ಹೇಳಿದ್ದೇನೆ. ನಾವು ಉದ್ಯಮದ ರೀತಿಯಲ್ಲಿ ಕೆಲಸ ಮಾಡುತ್ತೇವೆ. ಬಿಟ್ಟಿ ಕೊಟ್ಟರೆ ತೆಗೆದುಕೊಂಡವರ ತಲೆ ತಗ್ಗುತ್ತದೆ, ಕೊಟ್ಟ ವಸ್ತುವಿಗೂ ಬೆಲೆ ಉಳಿಯುವುದಿಲ್ಲ. ಹಾಗಾಗಿ ವಿನಿಮಯ: ಹಳೆಯದು ಕೊಟ್ಟು ಹೊಸದು ಪಡೆಯುವುದು. ಕಳೆದ ವರ್ಷ ಹನ್ನೊಂದು ಸಾವಿರ ಜನಕ್ಕೆ ಕಾಲು ಹೊಂದಿಸಿದ್ದೇವೆ. ಅಷ್ಟರಲ್ಲಿ ಕೆಲವು ಪ್ರಕರಣಗಳಲ್ಲಿ ಹೊಂದಾಣಿಕೆಯ ತೊಂದರೆ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನೀನು ಬರೆದವರನ್ನು ಅಲ್ಲಿಯ ನಮ್ಮ ಕೇಂದ್ರಕ್ಕೆ ಕರೆದುಕೊಂಡು ಹೋಗು. ವ್ಯವಸ್ಥಾಪಕರಿಗೆ ನಾನು ಹೇಳಿದ್ದೇನೆ, ಮತ್ತೆ ಅಳತೆ ತೆಗೆಯುತ್ತಾರೆ.

ಊಟ ಸರಿಯಾಗಿ ಮಾಡು.

ನಿನ್ನ ಮಗಳು

*

ಮಾರ್ಚ್ 3

ಮಗಳೇ,

ನಿನ್ನ 'ಪ್ರಕರಣ'ವನ್ನು ಕರೆದುಕೊಂಡು ಕೇಂದ್ರಕ್ಕೆ ಹೋಗಿದ್ದೆ.

ನನ್ನ ಶೆಡ್ಡಿಗೆ ಗಾಜಿನ ಬಾಗಿಲು ಬಂದಿದೆ. ತಳ್ಳಬೇಕೋ ಎಳೆಯಬೇಕೋ ಗೊತ್ತಾಗದೆ ಎರಡೂ ಕಂಕುಳಿಗೆ ಊರುಗೋಲು ಕೊಟ್ಟವನೊಬ್ಬ ಹೊರಗೇ ನಿಂತಿದ್ದ. ಒಳಗೆ ವ್ಯವಸ್ಥಾಪಕ. ಪೈಪಕ್ಕ ಅವನಿಗೆ ಆಗಲೇ ಇಸ್ತ್ರಿ ಅಂತ ಹೆಸರಿಟ್ಟಿದ್ದಾಳೆ, ಅಂಗಿ ಅಷ್ಟು ನೆಟ್ಟಗಿರುತ್ತದೆ. ಒಳ್ಳೆಯವನೇ. ನನಗೆ ಕುರ್ಚಿ ಕೊಟ್ಟ. ಫೋನು ತೆಗೆದು ಅವಳ ಕಾಲಿನ ಸುತ್ತ ಒಂದು ಸುತ್ತು ತಿರುಗಿಸಿದ. ಹೊಂದಾಣಿಕೆ ನೂರಕ್ಕೆ ತೊಂಬತ್ತನಾಲ್ಕು ಅಂತ ಹಸಿರು ಅಕ್ಷರದಲ್ಲಿ ಬಂತು. ಆಮೇಲೆ ಅವಳು ಕಟ್ಟು ಬಿಚ್ಚಿದಳು. ಅವನು ಹುಣ್ಣು ನೋಡಿದ, ಫೋನು ನೋಡಿದ, ಮತ್ತೆ ಹುಣ್ಣು ನೋಡಿದ. ಯಾವುದನ್ನು ನಂಬಬೇಕು ಅಂತ ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ. ಮಿಕ್ಕ ಆರು ನನ್ನ ಕಾಲಲ್ಲಿದೆ, ತಗೊಳ್ಳಪ್ಪ, ಅಂದಳು ಪೈಪಕ್ಕ.

ನಿಮ್ಮ ಫೋನು ತಪ್ಪು ಮಾಡಿಲ್ಲ. ಹೊತ್ತು ತಪ್ಪಿದ್ದೀರಿ. ಶಿಬಿರದ ದಿನ ಬೆಳಿಗ್ಗೆ ಏಳಕ್ಕೆ ಎಲ್ಲರ ಹಳೇ ಕಾಲು ಬಿಚ್ಚಿಸಿ ಬೆಂಚಿನ ಮೇಲೆ ಕೂರಿಸಿದ್ದಾರೆ. ಅಳತೆ ತೆಗೆದದ್ದು ಹತ್ತಕ್ಕೆ. ಮೂರು ಗಂಟೆ ಏನೂ ತೊಡದೆ ಕೂತರೆ ಉಳಿದ ಕಾಲು ಊದಿಕೊಳ್ಳುತ್ತದೆ. ಊದಿದ್ದಕ್ಕೆ ಸರಿಯಾಗಿ, ಅದು ಕೂರುವ ಬಟ್ಟಲು ಮಾಡಿದಿರಿ. ಕೆಲಸಕ್ಕೆ ನಿಂತು ಎರಡು ಗಂಟೆಯಾದರೆ ಅದು ಇಳಿಯುತ್ತದೆ, ಬಟ್ಟಲೊಳಗೆ ಸಡಿಲವಾಗಿ ಮೇಲೆ ಕೆಳಗೆ ಆಡುತ್ತದೆ, ಹೆಜ್ಜೆಹೆಜ್ಜೆಗೂ ಮೂಳೆ ತಳಕ್ಕೆ ಕುಟ್ಟುತ್ತದೆ. ನಾನು ಯಾರಿಗೂ ಕೂತಲ್ಲಿ ಅಳತೆ ತೆಗೆದವಳಲ್ಲ. ಮಧ್ಯಾಹ್ನದವರೆಗೆ ಅಂಗಳದಲ್ಲಿ ಅವರವರ ಕೆಲಸ ಮಾಡಿಸುತ್ತಿದ್ದೆ. ಇಟ್ಟಿಗೆಯವನು ಇಟ್ಟಿಗೆ ಹೊರಬೇಕು, ಪೈಪಕ್ಕ ನೀರು ಹೊಡೆಯಬೇಕು. ಬೆವರು ಬಂದ ಮೇಲೆ ಅಳತೆ. ಆ ಅಂಗಳದಲ್ಲೇ ನೀನು ಮನೆಪಾಠ ಬರೆದದ್ದು. ಇದು ನಿನಗೆ ಗೊತ್ತಿಲ್ಲದ್ದಲ್ಲ. ಅದೇ ನನ್ನ ಹೊಟ್ಟೆ ಉರಿಸುವುದು.

ನೀನೇ ಇನ್ನೊಂದು ಮಾಡಿಕೊಡಬಾರದೇ ಅನ್ನಬೇಡ. ಹುಣ್ಣಿನ ಮೇಲೆ ಅಚ್ಚು ತೆಗೆಯಲಾಗದು. ಅವಳ ಹಳೇ ಪ್ಲಾಸ್ಟರ್ ಅಚ್ಚು ಶೆಡ್ಡಿನ ಅಟ್ಟದಲ್ಲಿತ್ತು. ಜಾಗ ಬೇಕು ಅಂತ ನಿಮ್ಮವರು ಅಷ್ಟೂ ಅಚ್ಚುಗಳನ್ನು ಒಡೆದು ಅಂಗಳದ ಗುಂಡಿ ಮುಚ್ಚಿದ್ದಾರೆ. ಪ್ಲಾಸ್ಟಿಕ್ ಹಾಳೆ ಕಾಯಿಸುವ ದೊಡ್ಡ ಒಲೆ ಗುಜರಿಗೆ ಹೋಗಿದೆ. ಅವಳ ಅಳತೆ ಈಗ ಲೋಕದಲ್ಲಿ ಇರುವುದು ಒಂದೇ ಕಡೆ, ಆ ಹಳೇ ಕಾಲಿನೊಳಗೆ. ಅದನ್ನು ನೀವು ಗೋಡೆಗೆ ಹಾಕಲು ಕಳಿಸಿದ್ದೀರಿ.

ಊಟ ಮಾಡಿದ್ದೇನೆ.

ಅಮ್ಮ

*

ಮಾರ್ಚ್ 26

ಅಮ್ಮ,

ಮೂರು ವಾರ ಸುಮ್ಮನಿದ್ದೆ. ಸುಮ್ಮನಿರುವುದು ನಿನ್ನಿಂದಲೇ ಕಲಿತದ್ದು.

ನೀನು ವರ್ಷಕ್ಕೆ ಎಪ್ಪತ್ತು ಕಾಲು ಮಾಡುತ್ತಿದ್ದೆ. ಸರದಿಯಲ್ಲಿ ನಾನೂರು ಜನ ಇರುತ್ತಿದ್ದರು. ನಿನ್ನ ಕಾಗದಗಳಲ್ಲಿ ಆ ನಾನೂರು ಜನ ಎಲ್ಲೂ ಬರುವುದಿಲ್ಲ. ಎರಡು ದಿನ ಡಿಪೋದಲ್ಲಿ ಕೂತು ನೆಲ ನೋಡಿದೆ ಅನ್ನುತ್ತೀಯ. ಆ ಎರಡು ದಿನ ನಿನ್ನ ಶೆಡ್ಡಿನ ಗೇಟಿನ ಹೊರಗೆ ಯಾರು ಕೂತಿದ್ದರು?

ಕಲ್ಲುಕ್ವಾರಿಯವನು ನೆನಪಿದ್ದಾನಾ? ಹದಿನಾಲ್ಕು ತಿಂಗಳು ಕಾದ. ಪ್ರತಿ ಸೋಮವಾರ ಬಂದು, ನನ್ನ ಸರದಿ ಬಂತಾ ತಾಯಿ ಎಂದು ಕಿಟಕಿಯಲ್ಲಿ ಕೇಳುತ್ತಿದ್ದ. ಸರದಿ ಬಂದ ದಿನ ಅವನ ಹೆಂಡತಿ ಬಂದು, ಅವನೇ ಇಲ್ಲ, ಇನ್ನು ಬೇಡ ಎಂದು ಹೇಳಿ ಹೋದಳು. ನೀನು ಆ ಮಧ್ಯಾಹ್ನವೂ ಬೇರೆ ಯಾರದೋ ಬಟ್ಟಲಿಗೆ ಅರ ಹಾಕಿ ಉಜ್ಜುತ್ತಾ ಕೂತಿದ್ದೆ. ಎಷ್ಟು ನಯವಾಗಿ ಉಜ್ಜುತ್ತಿದ್ದೆ ಎಂದು ನನಗೆ ಇಂದೂ ಕಣ್ಣಿಗೆ ಕಟ್ಟಿದೆ. ನನಗೆ ಹದಿನೈದು ವರ್ಷ. ಬೇಗ ಬೇಗ ಮಾಡುವವರ ಜೊತೆ ಸೇರುತ್ತೇನೆ ಎಂದು ನಾನು ತೀರ್ಮಾನಿಸಿದ್ದು ಅಂದೇ.

ಇನ್ನೊಂದು. ಶಾಲೆ ಬಿಟ್ಟು ಬಂದ ಮೇಲೆ ನೀನು ನನ್ನನ್ನು ಅವರೆಲ್ಲರ ಮುಂದೆ ನಡೆಸುತ್ತಿದ್ದೆ. ನೋಡಿ, ಹಿಮ್ಮಡಿ ಮೊದಲು, ಆಮೇಲೆ ಬೆರಳು, ಹೀಗೆ, ಅನ್ನುತ್ತಿದ್ದೆ. ನಲವತ್ತು ಜನ ನನ್ನ ಎರಡು ಕಾಲುಗಳನ್ನು ನೋಡುತ್ತಿದ್ದರು. ನೀನು ನನ್ನ ಹಿಮ್ಮಡಿ ನೋಡುತ್ತಿದ್ದೆ, ಅವರ ಕಣ್ಣು ನೋಡಿದವಳು ನಾನೊಬ್ಬಳೇ.

ಹಳೆಯ ಕಾಲು ಒಪ್ಪಿಸಬೇಕು ಎಂಬ ನಿಯಮ ನಮ್ಮ ಸಂಸ್ಥಾಪಕರದ್ದು ಎಂದು ನೀನು ಅಂದುಕೊಂಡಿದ್ದೀಯ. ಅದು ನನ್ನದು. ಒಬ್ಬರೇ ಎರಡು ಶಿಬಿರಗಳಿಗೆ ಬಂದು ಎರಡು ಸಲ ತೆಗೆದುಕೊಂಡರೆ, ಹಿಂದೆ ನಿಂತ ಕ್ವಾರಿಯವನಂಥವರ ಪಾಲು ಹೋಗುತ್ತದೆ ಎಂದು ನಾನೇ ಬರೆದುಕೊಟ್ಟದ್ದು. ಗೋಡೆಯ ಯೋಚನೆ ಆಮೇಲೆ ಬೇರೆಯವರಿಗೆ ಬಂತು. ನಾನು ಬೇಡ ಅನ್ನಲಿಲ್ಲ.

ಮೇ ತಿಂಗಳಲ್ಲಿ ಆ ಕಟ್ಟಡದ ಉದ್ಘಾಟನೆಗೆ ಹೋಗುತ್ತಿದ್ದೇನೆ. ಕೇಳಿ ನೋಡುತ್ತೇನೆ.

ಮಗಳು

*

ಏಪ್ರಿಲ್ 11

ಕ್ವಾರಿಯವನ ಮಾತು ಎತ್ತಬಾರದಿತ್ತು, ಎತ್ತಿದ್ದೀಯ. ಒಂದು ಸೋಮವಾರ ಅಳತೆ ತೆಗೆದುಕೊಂಡು ಅವನ ಕಾಲನ್ನು ನಾನು ಮಾಡಿ ಮುಗಿಸಿದ್ದೆ. ಅದನ್ನು ಬೇರೆ ಯಾರಿಗೂ ಹೊಂದಿಸಲಾಗಲಿಲ್ಲ. ಇಷ್ಟೇ, ಇನ್ನು ಆ ಮಾತು ಬೇಡ.

ಪೈಪಕ್ಕನ ಹುಣ್ಣಿನಲ್ಲಿ ಕೀವು ಆಗಿದೆ. ಮನೆಯಲ್ಲಿ ಕೂರಲಾರೆ ಅಂತ ನಿಮ್ಮ ಕಾಲನ್ನೇ ಬಟ್ಟೆ ತುರುಕಿ ತುರುಕಿ ತೊಟ್ಟು ಮಾರ್ಚ್ ಪೂರ್ತಿ ಕೆಲಸ ಮಾಡಿದ್ದಾಳೆ. ಆಸ್ಪತ್ರೆಯ ಡಾಕ್ಟರು ಇನ್ನೊಂದು ದಿನ ಅದನ್ನು ತೊಟ್ಟರೆ ಮಂಡಿಯ ಮೇಲಕ್ಕೆ ಕತ್ತರಿಸಬೇಕಾಗುತ್ತದೆ ಅಂದಿದ್ದಾರೆ. ಈಗ ಊರುಗೋಲು. ಸೋಪುನೀರಿನಲ್ಲಿ ಊರುಗೋಲು ಹೇಗಿರುತ್ತದೆ ಅಂತ ನಿನ್ನ ಮೇಜಿನ ಹತ್ತಿರ ಒಂದಿಷ್ಟು ಸೋಪುನೀರು ಚೆಲ್ಲಿ ನೋಡು. ಎರಡು ಸಲ ಬಿದ್ದಳು. ಡಿಪೋ ಸಾಹೇಬರು ಜೂನ್ ಕೊನೆಯವರೆಗೆ ರಜೆ ಕೊಟ್ಟಿದ್ದಾರೆ. ಜುಲೈ ಒಂದರಂದು ಎರಡು ಕಾಲ ಮೇಲೆ ಬಂದರೆ ಕೆಲಸ, ಇಲ್ಲವಾದರೆ ಬೇರೆಯವರು.

ಕೇಳಿ ನೋಡಬೇಡ. ಕೇಳು.

ಅಮ್ಮ

*

ಮೇ 17

ಅಮ್ಮ,

ಹೋಟೆಲಿನ ಕೋಣೆಯಿಂದ ಬರೆಯುತ್ತಿದ್ದೇನೆ. ಕಿಟಕಿ ತೆರೆಯಲು ಬರುವುದಿಲ್ಲ.

ಗೋಡೆ ನೋಡಿದೆ. ಎರಡು ಅಂತಸ್ತಿನಷ್ಟು ಎತ್ತರ. ಬಿಳಿ ಬಣ್ಣ, ಕೆಳಗಿನಿಂದ ಬೆಳಕು. ಕಾಲುಗಳೆಲ್ಲ ಒಂದೇ ದಿಕ್ಕಿಗೆ ಹೆಜ್ಜೆ ಹಾಕುತ್ತಿರುವಂತೆ ಜೋಡಿಸಿದ್ದಾರೆ. ಜನ ಕೈಯಲ್ಲಿ ಲೋಟ ಹಿಡಿದುಕೊಂಡು ಅದರ ಕೆಳಗೆ ನಿಂತು ಮಾತನಾಡುತ್ತಿದ್ದರು. ಒಬ್ಬ ಹೆಂಗಸಿಗೆ ಕಣ್ಣಲ್ಲಿ ನೀರು ಬಂತು, ನಾಟಕ ಅಲ್ಲ, ನಿಜವಾಗಿಯೇ. ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿದಳು. ಯಾವುದಕ್ಕೆ ಎಂದು ನಾನು ಕೇಳಲಿಲ್ಲ.

ಟೈರಿನ ತಳದ ಕಾಲು ಹುಡುಕುವುದು ಕಷ್ಟವಾಗಲಿಲ್ಲ. ಕೆಳಗಿನಿಂದ ಮೂರನೆಯ ಸಾಲು, ಸಂಖ್ಯೆ ಎಂಬತ್ತೇಳು. ಪಕ್ಕದಲ್ಲಿ ಒಂದು ಸಣ್ಣ ಫಲಕ: 'ಬಸ್ಸಿನ ಟೈರು, ಪ್ಲಾಸ್ಟಿಕ್, ಚರ್ಮ. ಏನೂ ಇಲ್ಲದವರ ಜಾಣತನ. ಮಾಡಿದವರು: ತಿಳಿದಿಲ್ಲ.'

ಆ ಫಲಕಗಳ ಒಕ್ಕಣೆ ಜನವರಿಯಲ್ಲಿ ನನ್ನ ಬಳಿ ಒಪ್ಪಿಗೆಗೆ ಬಂದಿತ್ತು. ಇನ್ನೂರ ಹನ್ನೆರಡನ್ನೂ ಓದಿ ಸಹಿ ಮಾಡಿದ್ದೆ. ಅದರಲ್ಲಿ ಅಕ್ಷರದ ತಪ್ಪು ಹುಡುಕುತ್ತಿದ್ದೆ.

ಕೇಳಿದೆ ಅಮ್ಮ. ಮೊದಲು ನಮ್ಮ ಸಂಸ್ಥಾಪಕರನ್ನು, ಆಮೇಲೆ ಇಲಾಖೆಯ ಅಧಿಕಾರಿಯನ್ನು. ಯಾರೂ ಇಲ್ಲ ಅನ್ನಲಿಲ್ಲ. ಎಲ್ಲರಿಗೂ ಬೇಸರವಾಯಿತು. ಅದು ಈಗ ಸರ್ಕಾರದ ಸಂಗ್ರಹಕ್ಕೆ ಸೇರಿದ ವಸ್ತುವಂತೆ, ವಿಮೆ ಆಗಿದೆಯಂತೆ, ಸಂಗ್ರಹದಿಂದ ಹೊರಗೆ ಹೋಗಬೇಕಾದರೆ ಒಂದೇ ದಾರಿಯಂತೆ. ಆ ದಾರಿ ಯಾವುದು ಎಂದು ನಾಳೆ ಹೇಳುತ್ತಾರೆ. ಇನ್ನೊಂದು ವಿಷಯ, ನೀನು ಆಮೇಲೆ ನೋಡಿ ಬಯ್ಯುವ ಬದಲು ಈಗಲೇ ಹೇಳುತ್ತೇನೆ: ಗೋಡೆಗೆ ನಿಲ್ಲಿಸಲು ಬಟ್ಟಲಿನ ತಳಕ್ಕೆ ತೂತು ಕೊರೆದು ಕಬ್ಬಿಣದ ಸರಳು ಹಾಕಿದ್ದಾರೆ.

ಮಗಳು

*

ಜೂನ್ 20

ಮಗಳೇ,

ಪೆಟ್ಟಿಗೆ ಬಂತು. ಪೆಟ್ಟಿಗೆಯ ಜೊತೆ ಕಾಗದವೂ ಬಂತು.

ಹದಿನೈದನೇ ತಾರೀಕು ಇಸ್ತ್ರಿ ಫೋನು ಮಾಡಿ ಕೇಂದ್ರಕ್ಕೆ ಬನ್ನಿ ಅಂದ. ಪೈಪಕ್ಕ, ನಾನು, ಡಿಪೋದಿಂದ ರಜೆ ಹಾಕಿ ಬಂದಿದ್ದ ಇಬ್ಬರು ಡ್ರೈವರುಗಳು. ಅವರಲ್ಲೊಬ್ಬ ಆರು ವರ್ಷದ ಹಿಂದೆ ಆ ಬಸ್ಸು ಓಡಿಸುತ್ತಿದ್ದವನು. ಅವನು ಎಲ್ಲದಕ್ಕೂ ಬರುತ್ತಾನೆ. ಪೆಟ್ಟಿಗೆ ಮೇಜಿನ ಮೇಲಿತ್ತು. ಮೊದಲು ಇದಕ್ಕೆ ಸಹಿ ಆಗಬೇಕು ಅಂತ ಇಸ್ತ್ರಿ ನಾಲ್ಕು ಹಾಳೆ ಮುಂದಿಟ್ಟ. ಎರವಲು ಪತ್ರ. ಪೈಪಕ್ಕನಿಗೆ ಅವಳ ಕಾಲನ್ನು ಆರು ತಿಂಗಳ ಮಟ್ಟಿಗೆ ಎರವಲು ಕೊಡುತ್ತಾರಂತೆ.

ಅವಳೇ ಓದಿದಳು, ಎಲ್ಲರಿಗೂ ಕೇಳುವಂತೆ. 'ವಸ್ತುವನ್ನು ನೀರು ಮತ್ತು ಎಣ್ಣೆಯಿಂದ ದೂರ ಇಡತಕ್ಕದ್ದು.' ಡ್ರೈವರುಗಳು ನಕ್ಕರು. 'ವಸ್ತುವಿನ ಮೇಲೆ ಭಾರ ಹಾಕತಕ್ಕದ್ದಲ್ಲ.' ಅವಳೂ ನಕ್ಕಳು, ಇಷ್ಟು ದಿನ ತಲೆ ಮೇಲೆ ಹೊತ್ತುಕೊಂಡು ತಿರುಗಬೇಕಿತ್ತು ಅಂತ ಗೊತ್ತಿರಲಿಲ್ಲ ನೋಡಿ, ಅಂದಳು. 'ಅವಧಿ ಮುಗಿದ ಮೇಲೆ ವಸ್ತುವನ್ನು ಅದರ ಮಾಲೀಕರಿಗೆ ಹಿಂತಿರುಗಿಸತಕ್ಕದ್ದು.' ಅಲ್ಲಿ ನಿಲ್ಲಿಸಿದಳು. ಆ ಸಾಲನ್ನು ಮನಸ್ಸಿನಲ್ಲೇ ಇನ್ನೊಂದು ಸಲ ಓದಿಕೊಂಡಳು.

ಅವಳು ಸಹಿ ಹಾಕಿದಳು. ಜುಲೈ ಒಂದಕ್ಕೆ ಎರಡೇ ವಾರ ಇತ್ತು, ಹಾಕದೆ ಏನು ಮಾಡುತ್ತಾಳೆ? ಸಾಕ್ಷಿಯ ಸಹಿಯೂ ಬೇಕು ಅಂದ ಇಸ್ತ್ರಿ. ನನ್ನ ಕಡೆ ನೋಡದೆ ಅಂದ. ಡ್ರೈವರುಗಳು ಹಾಕಬಹುದಾ ಅಂದರೆ, ಸಾಕ್ಷಿ ಈ ಕೆಲಸ ಬಲ್ಲವರಾಗಿರಬೇಕು ಅಂತ ಕೆಳಗೆ ಬರೆದಿತ್ತು.

ಎರವಲು ಕೊಡುವವರ ಪರವಾಗಿ ಅನ್ನುವ ಕಡೆ ಆಗಲೇ ಒಂದು ಸಹಿ ಇತ್ತು. ನಿನ್ನದು. ಮೊದಲ ಅಕ್ಷರದ ಬಾಲವನ್ನು ನೀನು ಇನ್ನೂ ಶಾಲೆಯಲ್ಲಿದ್ದಾಗಿನ ಹಾಗೇ ಎಳೆಯುತ್ತೀಯ.

ನಾನು ಹಾಕಿದೆ. ನನ್ನ ಕೈಯಾರೆ ಮಾಡಿದ ಕಾಲು ಅವಳದಲ್ಲ, ನಿಮ್ಮದು ಅಂತ ನಾನೇ ಸಾಕ್ಷಿ ಹೇಳಿದೆ. ಮೇಲೆ ನಿನ್ನ ಸಹಿ, ಕೆಳಗೆ ನನ್ನದು. ಇಷ್ಟು ವರ್ಷದಲ್ಲಿ ನಾವಿಬ್ಬರೂ ಸೇರಿ ಮಾಡಿದ ಕೆಲಸ ಇದೊಂದೇ.

ತೂತು ನೋಡಿದೆ. ಮೂಳೆ ಕೂರುವ ಜಾಗಕ್ಕೇ ಸರಿಯಾಗಿ ಕೊರೆದಿದ್ದಾರೆ. ಅದರ ಮೇಲೆ ಹೊಳಪಿಗೆ ಏನೋ ಬಳಿದಿದ್ದಾರೆ. ಮನೆಯ ಅಡುಗೆ ಒಲೆಯಲ್ಲಿ ಒಂದು ತುಂಡು ಪ್ಲಾಸ್ಟಿಕ್ ಕಾಯಿಸಿ ಒಳಗಿನಿಂದ ಮುಚ್ಚಿ, ಮೂರು ದಿನ ಉಜ್ಜಿದೆ. ಹೌದು, ನಯವಾಗಿಯೇ ಉಜ್ಜಿದೆ. ಹುಣ್ಣು ಒಣಗಿದೆ. ನಿನ್ನೆ ಮಧ್ಯಾಹ್ನ ತೊಡಿಸಿದೆ. ಬಾಗಿಲಿನಿಂದ ಬಾವಿಕಟ್ಟೆಯವರೆಗೆ ನಡೆದಳು, ತಿರುಗಿ ಬಂದಳು.

ಡಿಸೆಂಬರ್ ಹದಿನೈದಕ್ಕೆ ಬಂದು ಬಿಚ್ಚಿಕೊಂಡು ಹೋಗಲು ಯಾರನ್ನು ಕಳಿಸುತ್ತೀರಿ?

ಅಮ್ಮ

*

ಜುಲೈ 4

ಅಮ್ಮ,

ಆ ಪತ್ರವಿಲ್ಲದೆ ಅದು ಗೋಡೆಯಿಂದ ಇಳಿಯುತ್ತಿರಲಿಲ್ಲ. ನನಗೆ ಗೊತ್ತಿದ್ದ ದಾರಿ ಅದೊಂದೇ. ಸಾಕ್ಷಿಯಾಗಿ ನಿನ್ನನ್ನು ಕೇಳುತ್ತಾರೆ ಎಂದು ನನಗೆ ತಿಳಿದಿರಲಿಲ್ಲ ಎಂದರೆ ನೀನು ನಂಬುವುದಿಲ್ಲ. ನಂಬಬೇಡ.

ಡಿಸೆಂಬರಿನಲ್ಲಿ ಯಾರೂ ಬರುವುದಿಲ್ಲ. ಎಂಬತ್ತೇಳನೆಯ ಸಂಖ್ಯೆಯ ಎದುರು 'ಸಾಗಣೆಯಲ್ಲಿ ಒಡೆದು ಹಾಳಾಗಿದೆ' ಎಂದು ನಿನ್ನೆ ದಾಖಲೆಯಲ್ಲಿ ಬರೆದೆ. ವಿಮೆಯವರು ಒಪ್ಪಿಕೊಳ್ಳುತ್ತಾರೆ, ಇಲಾಖೆಯವರು ಇನ್ನೊಂದು ಕಾಲು ಹುಡುಕಿ ಆ ಜಾಗ ತುಂಬಿಸುತ್ತಾರೆ. ಇನ್ನು ಆ ಕಾಲು ಪೈಪಕ್ಕನವರದೇ. ಅವರಿಗೆ ಹೇಳು.

ಕೆಲಸಕ್ಕೆ ಹೋದರಾ?

ಮಗಳು

*

ಜುಲೈ 13

ಮಗಳೇ,

ಹೋದಳು. ಒಂದನೇ ತಾರೀಕು ಏಳು ಬಸ್ಸು ತೊಳೆದಳು.

ನಿನ್ನ ಕಾಗದವನ್ನು ಡಿಪೋಗೆ ತೆಗೆದುಕೊಂಡು ಹೋಗಿ ಅವಳಿಗೆ ಓದಿ ಹೇಳಿದೆ. ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ. ಅವಳು ನೀರು ನಿಲ್ಲಿಸಿ ಬಂದು ನನ್ನ ಮುಂದೆ ನಿಂತಳು. "ಹಾಳಾಗಿದೆ ಅಂತ ಬರೆದರೆ ನಾನು ಯಾವುದರ ಮೇಲೆ ನಿಂತಿದ್ದೀನಿ ಕಾಲಿನಮ್ಮ?" ಅಂದಳು. "ನಿಮ್ಮ ಮಗಳಿಗೆ ನಾನು ಕಳ್ಳಿ ಅಂತ ಕಾಣ್ತೀನಾ?"

ಅವಳು ಹೇಳಿದ್ದು ಸರಿ. ಮೊದಲು ಕಿತ್ತುಕೊಂಡಿರಿ, ಆಮೇಲೆ ಎರವಲು ಕೊಟ್ಟಿರಿ, ಈಗ ಕದ್ದು ಕೊಡುತ್ತಿದ್ದೀರಿ. ಅವಳದನ್ನು ಅವಳಿಗೆ ಕೊಡಲು ನಿಮಗೆ ನೆಟ್ಟಗೊಂದು ದಾರಿಯೇ ಇಲ್ಲವಾ? ನಿನ್ನ ಆ ಸುಳ್ಳು ಅವಳಿಗೋಸ್ಕರ ಅಂತ ನೀನು ತಿಳಿದಿದ್ದೀಯ. ಅದರಿಂದ ನೆಮ್ಮದಿ ಆಗುವುದು ನಿಮ್ಮ ಇಲಾಖೆಗೆ. ಅವರ ಗೋಡೆ ಸರಿ, ಅವರ ವಿಮೆ ಸರಿ, ಕೊಟ್ಟವರೂ ಒಳ್ಳೆಯವರು, ತೆಗೆದುಕೊಂಡವರೂ ಒಳ್ಳೆಯವರು, ದಾರಿಯಲ್ಲಿ ಒಂದು ಪೆಟ್ಟಿಗೆ ಬಿದ್ದು ಒಡೆಯಿತು, ಅಷ್ಟೇ. ನಡೆದದ್ದು ಏನೂ ಇಲ್ಲ.

ಹೊಡೆದು ಹಾಕು ಅದನ್ನು. ಸರಿಯಾಗಿ ಬರೆ. ಕಾಲು ಒಡತಿಯ ಹತ್ತಿರ ಇದೆ, ಇನ್ನು ಬರುವುದಿಲ್ಲ ಅಂತ ಬರೆ. ಏನಾಗುತ್ತದೋ ಆಗಲಿ. ನಿನಗೆ ಏನಾಗುತ್ತದೆ ಅಂತ ನಾನು ಯೋಚಿಸಿಲ್ಲ ಅಂತ ತಿಳಿಯಬೇಡ. ಯೋಚಿಸಿಯೇ ಬರೆಯುತ್ತಿದ್ದೇನೆ.

ಅಮ್ಮ

*

ಆಗಸ್ಟ್ 2

ಅಮ್ಮ,

ಬರೆದೆ. ನೀನು ಹೇಳಿದ ಮಾತಿನಲ್ಲೇ ಬರೆದೆ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಅದನ್ನು ತೆಗೆದುಕೊಂಡದ್ದೇ ತಪ್ಪು, ಆ ನಿಯಮ ಮಾಡಿದವಳು ನಾನು.

ಸಂಸ್ಥಾಪಕರು ಕರೆದರು. ಕೂಗಾಡಲಿಲ್ಲ. ನಮ್ಮಲ್ಲಿ ಯಾರೂ ಕೂಗಾಡುವುದಿಲ್ಲ. ನಿನಗೆ ವಿಶ್ರಾಂತಿ ಬೇಕು ಅನ್ನಿಸುತ್ತಿದೆ ಎಂದರು. ಒಂದು ಕಾಲಿಗೋಸ್ಕರ ಹನ್ನೊಂದು ಸಾವಿರ ಕಾಲುಗಳನ್ನು ಅಪಾಯಕ್ಕೆ ತಳ್ಳುತ್ತಿದ್ದೀಯ, ನೆರವು ನಿಂತರೆ ನಾಳೆ ಸರದಿಯಲ್ಲಿ ನಿಲ್ಲುವವರಿಗೆ ನೀನು ಉತ್ತರ ಹೇಳುತ್ತೀಯಾ ಎಂದರು. ಅದು ನನ್ನದೇ ಮಾತು, ಅಮ್ಮ. ಮಾರ್ಚಿನಲ್ಲಿ ನಿನಗೆ ಬರೆದದ್ದು. ಅವರ ಬಾಯಿಂದ ಕೇಳಿದಾಗಲೂ ಅದು ಪೂರ್ತಿ ಸುಳ್ಳು ಅನ್ನಿಸಲಿಲ್ಲ. ಅದಕ್ಕೇ ನನಗೆ ಇಷ್ಟು ಸಿಟ್ಟು ಬಂದದ್ದು.

ಹನ್ನೊಂದು ಸಾವಿರದಲ್ಲಿ ಇಂದು ಎಷ್ಟು ಜನ ಅದನ್ನು ತೊಟ್ಟು ನಡೆಯುತ್ತಿದ್ದಾರೆ ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿಲ್ಲ. ನಾವು ಎಣಿಸಿದ್ದು ಕೊಟ್ಟ ಕಾಲುಗಳನ್ನು ಮಾತ್ರ.

ತಿಂಗಳ ಕೊನೆಯವರೆಗೆ ನನಗೆ ಇಲ್ಲಿ ಮೇಜು ಇದೆ. ಅಷ್ಟರೊಳಗೆ ಮಿಕ್ಕ ಇನ್ನೂರ ಹನ್ನೊಂದು ಜನಕ್ಕೆ ಕಾಗದ ಹೋಗಬೇಕು: ನಿಮ್ಮ ಹಳೆಯ ಕಾಲು ಇಂಥ ಕಡೆ ಇದೆ, ಬೇಕಿದ್ದರೆ ಕೇಳಿ ಎಂದು. ಒಬ್ಬರು ಕೇಳಿದರೆ ಬೇಸರಪಡುತ್ತಾರೆ, ಇನ್ನೂರು ಜನ ಕೇಳಿದರೆ ಏನು ಮಾಡುತ್ತಾರೆ ನೋಡೋಣ. ಆದರೆ ಶಿಬಿರದಲ್ಲಿ ಯಾವ ಕಾಲು ಯಾರದು ಎಂದು ಯಾರೂ ಬರೆದುಕೊಂಡಿಲ್ಲ. ಒಟ್ಟಿದರು, ತುಂಬಿದರು. ಗೋಡೆಯ ಫೋಟೋಗಳನ್ನು ಇದರ ಜೊತೆ ಇಟ್ಟಿದ್ದೇನೆ, ಸಾಲು ಸಾಲಾಗಿ. ಅದರಲ್ಲಿ ನಿನ್ನ ಕೈಯವು ಎಷ್ಟಿವೆ, ಯಾರು ಯಾರದು, ಹೇಳುತ್ತೀಯಾ?

ಮಗಳು

*

ಆಗಸ್ಟ್ 12

ಮಗಳೇ,

ಸಿಟ್ಟು ಇಳಿದಿದೆ ಅಂತ ತಿಳಿಯಬೇಡ. ಕೆಲಸ ಇದೆ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಕೈಯವು ನೂರ ಮೂವತ್ತೆಂಟು. ಮಿಕ್ಕವು ಬೇರೆ ಊರಿನವರು ಮಾಡಿದವು, ಎರಡು ಮೂರು ಕೆಲಸದವರ ಕೈ ನನಗೆ ಗೊತ್ತು, ಅವರಿಗೂ ಫೋಟೋ ಕಳಿಸು, ವಿಳಾಸ ಹಿಂದಿನ ಹಾಳೆಯಲ್ಲಿದೆ. ಎಲ್ಲವನ್ನೂ ಒಂದೇ ದಿಕ್ಕಿಗೆ ನಡೆಸಬೇಕು ಅಂತ ಹತ್ತು ಹನ್ನೆರಡು ಎಡಗಾಲುಗಳನ್ನು ಬಲಗಾಲಿನ ಹಾಗೆ ತಿರುಚಿ ನಿಲ್ಲಿಸಿದ್ದಾರೆ. ಅದನ್ನೂ ಬರೆದುಕೋ.

ಕೆಳಗಿನ ಸಾಲು, ಎಡದಿಂದ.

ಒಂದು: ಇಟ್ಟಿಗೆ ಗೂಡಿನವನದು. ಪಾದದ ಮುಂಭಾಗ ಸುಟ್ಟಿದೆ ನೋಡು, ಬಿಸಿ ಇಟ್ಟಿಗೆ ಮೇಲೆ ನಿಲ್ಲಬೇಡ ಅಂದರೆ ಕೇಳುತ್ತಿರಲಿಲ್ಲ. ಗೂಡಿನ ವಿಳಾಸಕ್ಕೆ ಬರೆದರೆ ಸಿಗುತ್ತದೆ.

ಎರಡು: ನನ್ನದಲ್ಲ.

ಮೂರು: ಶಾಲೆಯಲ್ಲಿ ಗಂಟೆ ಹೊಡೆಯುವವಳದು. ಎರಡು ಸಲ ಉದ್ದ ಮಾಡಿದ್ದೇನೆ, ಮದುವೆಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ. ಎತ್ತರದ ಚಪ್ಪಲಿ ಹಾಕುವ ಆಸೆ ಅವಳಿಗೆ.

ನಾಲ್ಕು: ಕಟ್ಟಡಕ್ಕೆ ಬಣ್ಣ ಬಳಿಯುವವನದು. ಏಣಿಯ ಮೆಟ್ಟಿಲು ಹಿಡಿಯಲು ಹಿಮ್ಮಡಿಯ ಮುಂದೆ ಹಳ್ಳ ತೆಗೆದಿದ್ದೇನೆ. ಅವನು ಹೊಸ ಕಾಲಿನಲ್ಲಿ ಏಣಿ ಹತ್ತುತ್ತಿದ್ದರೆ ದೇವರೇ ಕಾಪಾಡಬೇಕು. ಇವನಿಗೆ ಕಾಗದ ಬರೆಯಬೇಡ, ಯಾರನ್ನಾದರೂ ಕಳಿಸು, ಇವತ್ತೇ.

ಐದು: ಇವನು ಹೋದ ತಿಂಗಳು ತೀರಿಕೊಂಡ. ಹೆಂಡತಿಗೆ ಬರೆ. ಬೇಕೋ ಬೇಡವೋ ಅವಳು ಹೇಳುತ್ತಾಳೆ, ನೀನು ತೀರ್ಮಾನ ಮಾಡಬೇಡ.

ಆರು: ಜ್ಞಾಪಕಕ್ಕೆ ಬರುತ್ತಿಲ್ಲ. ಬೆಳಿಗ್ಗೆಯಿಂದ ನೋಡುತ್ತಿದ್ದೇನೆ. ನನ್ನ ಕೈಯದೇ, ಪಟ್ಟಿಯ ಹೊಲಿಗೆ ನನ್ನದು. ಮುಂದಿನಿಂದ ತೆಗೆದ ಫೋಟೋದಲ್ಲಿ ಏನೂ ಗೊತ್ತಾಗುವುದಿಲ್ಲ. ಅಲ್ಲಿ ಯಾರಿಗಾದರೂ ಹೇಳಿ ಗೋಡೆಯಿಂದ ಇಳಿಸಿ ಪಾದದ ತಳದ ಫೋಟೋ ತೆಗೆಸು. ಯಾವ ಕಡೆ ಸವೆದಿದೆ ಅಂತ ನೋಡಿದರೆ ಯಾರು ಅಂತ ಹೇಳುತ್ತೇನೆ.

ಮಿಕ್ಕವು ನಾಳೆಯ ಟಪಾಲಿಗೆ.

ಅಮ್ಮ